ಕೈಗೂ ವಿದ್ಯೆ ಬೇಕು: ಹಳೆಯ ವ್ಯಾಕ್ಯೂಮ್ ಕ್ಲೀನರ್ ಕಲಿಸುವ ಪಾಠ

(ಗುತ್ತಲದಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)





ವಾರ್ಷಿಕ ಸಮಾರಂಭಕ್ಕೆ ಭಾಷಣಕಾರರನ್ನು ಕರೆದರೆ ಅವರು ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ನಾನೂ ಅದನ್ನೇ ಮಾತನಾಡುತ್ತೇನೆ. ಆದರೆ ಸ್ವಲ್ಪ ಬೇರೆ ದಾರಿಯಿಂದ ಬರುತ್ತೇನೆ. ಈ ಮೇಜಿನ ಮೇಲೆ ಇಟ್ಟಿರುವ, ತಗಡಿನ ಮೈಯ, ಹೂಜಿ ಮಲಗಿಸಿದಂತೆ ಕಾಣುವ ವಸ್ತುವನ್ನು ನೋಡಿ ಹಿಂದಿನ ಸಾಲಿನ ಹುಡುಗರು ಆಗಲೇ ನಗುತ್ತಿದ್ದಾರೆ. ಒಬ್ಬ ಇದನ್ನು ಪಂಪ್‌ಸೆಟ್ ಅಂದ. ಇನ್ನೊಬ್ಬ ಔಷಧ ಹೊಡೆಯುವ ಡಬ್ಬಿ ಅಂದ. ಇದು ಹಳೆಯ ವ್ಯಾಕ್ಯೂಮ್ ಕ್ಲೀನರ್. ಅಂದರೆ ಧೂಳು ಎಳೆಯುವ ಯಂತ್ರ. ನಿವೃತ್ತನಾದ ಮೇಲೆ ಇಂಥ ಹಳೆಯ ಯಂತ್ರಗಳನ್ನು ಗುಜರಿಯಿಂದ ತಂದು, ಬಿಚ್ಚಿ, ತೊಳೆದು, ಮತ್ತೆ ತಿರುಗುವಂತೆ ಮಾಡುವುದು ನನ್ನ ಹವ್ಯಾಸ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನು ಕಸ ಎಳೆಯುವ ಯಂತ್ರದ ಹಿಂದೆ ಯಾಕೆ ಬಿದ್ದ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರವೇ ಇಂದಿನ ನನ್ನ ಮಾತು.

ಧೂಳಿನಿಂದ ಹುಟ್ಟಿದ ಯಂತ್ರ

ಮೊದಲು ಈ ಯಂತ್ರ ಎಲ್ಲಿಂದ ಬಂತು ಎಂಬುದನ್ನು ತಿಳಿಯೋಣ.

ಜಮಖಾನೆಯ ಧೂಳು ತೆಗೆಯುವುದು ಹೇಗೆಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಗೋಡೆಯ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತಾರೆ. ಧೂಳೇನೋ ಏಳುತ್ತದೆ. ಆದರೆ ಅದರಲ್ಲಿ ಅರ್ಧ ಬಡಿದವರ ಎದೆಗೆ ಸೇರುತ್ತದೆ, ಉಳಿದರ್ಧ ಮತ್ತೆ ಮನೆಗೇ ಬಂದು ಕೂರುತ್ತದೆ. ಯುರೋಪಿನಲ್ಲಿಯೂ ಇದೇ ಪದ್ಧತಿ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಒಂದು ಯಂತ್ರದ ಪ್ರದರ್ಶನ ನಡೆಯಿತು. ಅದು ಗಾಳಿಯನ್ನು ಊದಿ ಧೂಳು ಹಾರಿಸುವ ಯಂತ್ರ. ಅದನ್ನು ನೋಡಿದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್, ಊದುವ ಬದಲು ಎಳೆದರೆ ಹೇಗೆ ಎಂದು ಯೋಚಿಸಿದ. ಒಂದು ಹೋಟೆಲಿನ ಕುರ್ಚಿಯ ಬಟ್ಟೆಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿ ಹಚ್ಚಿ ಉಸಿರು ಎಳೆದುಕೊಂಡನಂತೆ. ಕರವಸ್ತ್ರದ ಕೆಳಬದಿಗೆ ಕಪ್ಪು ಧೂಳು ಅಂಟಿತ್ತು. ಅರಿವೆಯ ಮೂಲಕ ಗಾಳಿ ಹಾಯುತ್ತದೆ, ಧೂಳು ನಿಲ್ಲುತ್ತದೆ ಎಂಬ ಸಣ್ಣ ಸತ್ಯ ಅಲ್ಲಿತ್ತು. 1901ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದ. ಅವನ ಮೊದಲ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಕುದುರೆ ಗಾಡಿಯ ಮೇಲೆ ಅದನ್ನು ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಪೈಪುಗಳನ್ನು ಕಿಟಕಿಯಿಂದ ಒಳಗೆ ಬಿಟ್ಟು ಮನೆ ಸ್ವಚ್ಛ ಮಾಡುತ್ತಿದ್ದರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಈ ಯಂತ್ರದಿಂದಲೇ ಸ್ವಚ್ಛಗೊಳಿಸಿದರು.

ಇನ್ನೊಂದು ಕಥೆ ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಿನದು. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬವರು ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದರು. ವಯಸ್ಸಾಗಿತ್ತು, ಜೊತೆಗೆ ದಮ್ಮಿನ ಕಾಯಿಲೆ. ಗುಡಿಸಿದಷ್ಟೂ ಧೂಳು, ಧೂಳಿದ್ದಷ್ಟೂ ಕೆಮ್ಮು. ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ, ಮಾಡಿದರೆ ಉಸಿರಿಲ್ಲ. ಅವರು ಒಂದು ಸಣ್ಣ ವಿದ್ಯುತ್ ಮೋಟಾರು, ಒಂದು ಪೊರಕೆ ಕೋಲು, ಒಂದು ತಲೆದಿಂಬಿನ ಚೀಲ, ಇಷ್ಟನ್ನು ಸೇರಿಸಿ ಕೈಯಲ್ಲಿ ಹಿಡಿದು ನಡೆಸುವ ಯಂತ್ರ ಮಾಡಿದರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವರು ಕುದುರೆ ಜೀನು, ಚರ್ಮದ ಸಾಮಾನು ತಯಾರಿಸುತ್ತಿದ್ದ ಹೂವರ್ ಮನೆತನದವರು. ಮೋಟಾರು ಗಾಡಿಗಳು ಬಂದು ಜೀನಿನ ವ್ಯಾಪಾರ ಕುಸಿಯುತ್ತಿದ್ದ ಕಾಲ ಅದು. ಹೂವರ್ ಎಂಬ ಹೆಸರು ಮುಂದೆ ಇಂಗ್ಲೆಂಡಿನಲ್ಲಿ ಕಸ ಎಳೆಯುವ ಕೆಲಸಕ್ಕೇ ಹೆಸರಾಯಿತು. ಅಷ್ಟು ದೊಡ್ಡ ಉದ್ಯಮಕ್ಕೆ ಮೂಲ ಒಬ್ಬ ಕಸ ಗುಡಿಸುವವರ ಕೈ ಮತ್ತು ತಲೆ. ಎರಡೂ ಒಂದೇ ಮನುಷ್ಯನಲ್ಲಿದ್ದವು ಎಂಬುದನ್ನು ನೆನಪಿಡಿ. ನಾನು ಮತ್ತೆ ಈ ಮಾತಿಗೆ ಬರುತ್ತೇನೆ.

1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ನೆಲದ ಮೇಲೆ ಎಳೆದುಕೊಂಡು ಹೋಗುವ, ಕೊಳವೆಯಾಕಾರದ ಯಂತ್ರ ತಂದಿತು. ಮೇಜಿನ ಮೇಲಿರುವ ಈ ಯಂತ್ರದ ಆಕಾರ ಆ ಜಾತಿಯದೇ. ನಮ್ಮ ದೇಶದಲ್ಲಿ 1982ರಲ್ಲಿ ಯುರೇಕಾ ಫೋರ್ಬ್ಸ್ ಕಂಪನಿ ಹುಟ್ಟಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಮಧ್ಯಮ ವರ್ಗದ ಮನೆಗಳಿಗೆ ಬಂತು. ಟೈ ಕಟ್ಟಿದ ಹುಡುಗರು ಮನೆಮನೆಗೆ ಹೋಗಿ, ಹಾಸಿಗೆಯ ಧೂಳು ಎಳೆದು ತೋರಿಸಿ ಮಾರುತ್ತಿದ್ದ ಕಾಲವನ್ನು ಹುಬ್ಬಳ್ಳಿ, ದಾವಣಗೆರೆ ಕಡೆಯ ಹಿರಿಯರು ಬಲ್ಲರು.

ನಮ್ಮ ಭಾಗದಲ್ಲಿ ಈ ಯಂತ್ರ ಎಲ್ಲಿ ಸಿಗುತ್ತದೆ?

ನಮ್ಮ ಮನೆಗಳಲ್ಲಿ ಇದು ಹೆಚ್ಚು ಬಳಕೆಗೆ ಬರಲಿಲ್ಲ. ಸೆಗಣಿ ಸಾರಿಸಿದ ನೆಲಕ್ಕೆ, ಕಡಪಾ ಕಲ್ಲಿಗೆ ಪೊರಕೆಯೇ ಸಾಕು. ಆದರೂ ಮೂರು ದಾರಿಯಿಂದ ಈ ಯಂತ್ರಗಳು ನಮ್ಮ ಕಡೆ ಬಂದಿವೆ. ಒಂದು, ಪಟ್ಟಣದ ಮನೆಗಳಿಂದ ಗುಜರಿಗೆ. ಎರಡು, ಜಮಖಾನೆ ಹಾಸಿದ ಮಸೀದಿ, ಶಾದಿಮಹಲು, ಕಚೇರಿಗಳಿಗೆ. ಮೂರು, ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಸಾಮಾನಿನ ಪೆಟ್ಟಿಗೆಯಲ್ಲಿ.

ಜಮಖಾನೆ ಅಂದಾಗ ನಮ್ಮ ನೆರೆಯ ನವಲಗುಂದವನ್ನು ನೆನೆಯದೆ ಇರಲಾಗದು. ಅಲ್ಲಿ ನೇಯುವವರು ನಮ್ಮ ಅಕ್ಕ-ತಂಗಿಯರು. ಬಿಜಾಪುರದಿಂದ ಬಂದ ಮನೆತನಗಳು ಎಂಬ ಪ್ರತೀತಿ ಇದೆ. ನಮಾಜಿನ ಮುಸಲ್ಲಾದಿಂದ ಹಿಡಿದು ನವಿಲಿನ ಚಿತ್ರದ ದೊಡ್ಡ ಜಮಖಾನೆಯವರೆಗೆ ಹತ್ತಿ ನೂಲಿನಲ್ಲಿ ನೇಯುತ್ತಾರೆ. ಈ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಕೈಮಗ್ಗದ ಇಂಥ ವಸ್ತುವನ್ನು ಕೋಲಿನಿಂದ ಬಡಿದರೆ ನೂಲು ಸಡಿಲಾಗುತ್ತದೆ. ಹದವಾಗಿ ಗಾಳಿಯಿಂದ ಎಳೆದರೆ ಬಾಳಿಕೆ ಹೆಚ್ಚು. ಹಾಗಾಗಿ ಹಳೆಯ ಯಂತ್ರವೊಂದು ಸರಿಯಾದರೆ ಅದಕ್ಕೆ ಮಾಡುವ ಕೆಲಸ ನಮ್ಮಲ್ಲೂ ಇದೆ.

ಇದು ಕೆಲಸ ಮಾಡುವುದು ಹೇಗೆ?

ಹೆಸರು ವ್ಯಾಕ್ಯೂಮ್ ಎಂದಿದ್ದರೂ ಒಳಗೆ ನಿರ್ವಾತ ಇರುವುದಿಲ್ಲ. ಒಂದು ಮೋಟಾರು, ಅದರ ತುದಿಗೆ ಒಂದು ಫ್ಯಾನು. ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳಿದಾಗ ಮುಂದೆ ಒತ್ತಡ ಕಡಿಮೆಯಾಗುತ್ತದೆ. ಒಳ್ಳೆಯ ಮನೆಬಳಕೆಯ ಯಂತ್ರ ವಾಯುಮಂಡಲದ ಒತ್ತಡವನ್ನು ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿಸಬಲ್ಲದು. ಆಗ ಹೊರಗಿನ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ, ಬರುವಾಗ ಧೂಳನ್ನೂ ಹೊತ್ತು ತರುತ್ತದೆ. ನಡುವೆ ಇರುವ ಅರಿವೆಯ ಚೀಲ ಧೂಳನ್ನು ಹಿಡಿದಿಟ್ಟುಕೊಂಡು ಗಾಳಿಯನ್ನು ಬಿಡುತ್ತದೆ. ಅಂದರೆ ಯಂತ್ರ ಎಳೆಯುತ್ತದೆ ಎನ್ನುವುದಕ್ಕಿಂತ ನಮ್ಮ ತಲೆಯ ಮೇಲಿನ ಗಾಳಿಯೇ ತಳ್ಳುತ್ತದೆ ಎನ್ನುವುದು ಸರಿ. ಎಂಟನೆಯ ತರಗತಿಯ ಪುಸ್ತಕದಲ್ಲಿರುವ ವಾಯುವಿನ ಒತ್ತಡದ ಪಾಠ ಇದೇ.

ಈಗ ಒಂದು ಪ್ರಶ್ನೆ. ಯಂತ್ರ ನಡೆಯುತ್ತಿರುವಾಗ ಪೈಪಿನ ಬಾಯಿಗೆ ಅಂಗೈ ಅಡ್ಡ ಹಿಡಿದರೆ ಮೋಟಾರಿನ ಸದ್ದು ಕಡಿಮೆಯಾಗುತ್ತದೆಯೋ, ಹೆಚ್ಚಾಗುತ್ತದೆಯೋ? ಕಡಿಮೆಯಾಗುತ್ತದೆ ಎಂದು ಹೆಚ್ಚಿನವರು ಕೈ ಎತ್ತಿದ್ದೀರಿ. ಕೇಳಿ ನೋಡಿ. (ಯಂತ್ರ ನಡೆಸಿ ತೋರಿಸಿದರು.) ಕೀಚಲು ಸ್ವರಕ್ಕೆ ಏರಿತು! ಮೋಟಾರಿಗೆ ಭಾರವೆಂದರೆ ಅದು ಸಾಗಿಸುವ ಗಾಳಿ. ಗಾಳಿ ಬಾರದಿದ್ದರೆ ಭಾರವೂ ಇಲ್ಲ. ಬಂಡಿಯಿಂದ ಬಿಚ್ಚಿದ ಎತ್ತು ಓಡುವಂತೆ ಮೋಟಾರು ಓಡುತ್ತದೆ. ಆದರೆ ಇದರಲ್ಲೊಂದು ಅಪಾಯವಿದೆ. ಈ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಅದೇ ಗಾಳಿ. ಚೀಲ ತುಂಬಿ ಗಾಳಿ ನಿಂತರೆ ಮೋಟಾರು ಜೋರಾಗಿ ತಿರುಗುತ್ತಾ ಒಳಗೊಳಗೇ ಬೇಯುತ್ತದೆ. ಸುಟ್ಟ ವ್ಯಾಕ್ಯೂಮ್ ಕ್ಲೀನರುಗಳಲ್ಲಿ ಬಹಳಷ್ಟರ ಕಾರಣ ತುಂಬಿದ ಚೀಲವೇ.

ಇದರೊಳಗಿನ ಮೋಟಾರಿಗೆ ಯುನಿವರ್ಸಲ್ ಮೋಟಾರ್ ಎನ್ನುತ್ತಾರೆ. ನಿಮ್ಮ ಹೊಲದ ಪಂಪ್‌ಸೆಟ್ ಮೋಟಾರು ಬೇರೆ ಜಾತಿ. ಆದರೆ ನಿಮ್ಮ ಅಡುಗೆ ಮನೆಯ ಮಿಕ್ಸಿಯಲ್ಲಿ, ಬಡಗಿಯ ಡ್ರಿಲ್ ಯಂತ್ರದಲ್ಲಿ, ಹೊಲಿಗೆ ಯಂತ್ರಕ್ಕೆ ಹಚ್ಚುವ ಸಣ್ಣ ಮೋಟಾರಿನಲ್ಲಿ ಇರುವುದು ಇದೇ ಜಾತಿ. ಇದರಲ್ಲಿ ಹೊರಗಿನ ಫೀಲ್ಡ್ ಕಾಯಿಲ್ ಮತ್ತು ಒಳಗೆ ತಿರುಗುವ ಆರ್ಮೇಚರ್ ಒಂದೇ ಸಾಲಿನಲ್ಲಿ ಜೋಡಣೆಯಾಗಿವೆ. ಕರೆಂಟಿನ ದಿಕ್ಕು ಬದಲಾದಾಗ ಎರಡರ ಕಾಂತತ್ವವೂ ಒಟ್ಟಿಗೆ ಬದಲಾಗುವುದರಿಂದ ತಿರುಗುವ ದಿಕ್ಕು ಬದಲಾಗುವುದಿಲ್ಲ. ಅದಕ್ಕೇ ಇದು ಎ.ಸಿ.ಗೂ ನಡೆಯುತ್ತದೆ, ಡಿ.ಸಿ.ಗೂ ನಡೆಯುತ್ತದೆ. ಪಿಯುಸಿ ವಿಜ್ಞಾನದ ಮಕ್ಕಳು ಈ ಮಾತನ್ನು ಮನೆಗೆ ಹೋಗಿ ಚಿತ್ರ ಬರೆದು ನೋಡಬೇಕು.

ದುರಸ್ತಿಯ ಹಂತಗಳು

ಹಳೆಯ ಯಂತ್ರ ಕೈಗೆ ಬಂದ ತಕ್ಷಣ ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತುವುದು ಎಲ್ಲರ ಚಪಲ. ಅದನ್ನು ಮಾಡಬಾರದು. ಇಪ್ಪತ್ತು-ಮೂವತ್ತು ವರ್ಷ ಮೂಲೆಯಲ್ಲಿ ಬಿದ್ದ ಯಂತ್ರದ ವೈರಿನ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ, ಇಲಿ ಕಡಿದಿರುತ್ತದೆ, ಬೇರಿಂಗ್ ಬಿಗಿದಿರುತ್ತದೆ.

ಮೊದಲ ಕೆಲಸ ಕಣ್ಣಿನದು ಮತ್ತು ಮೂಗಿನದು. ವೈರು, ಪ್ಲಗ್ಗು, ಸ್ವಿಚ್ಚು ನೋಡಬೇಕು. ಮೂಸಿ ನೋಡಬೇಕು. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಕಾಯಿಲ್ ಹೋಗಿರುವ ಸಂಶಯ. ಹಳೆಯ ಚೀಲವನ್ನು ಮನೆಯೊಳಗೆ ಬಿಚ್ಚಬಾರದು. ಮೂಗಿಗೆ ಬಟ್ಟೆ ಕಟ್ಟಿ, ಬಯಲಿಗೆ ಒಯ್ದು, ಗಾಳಿ ಬೆನ್ನಿಗೆ ಇರುವಂತೆ ನಿಂತು ಬಿಚ್ಚಬೇಕು. ಯಾರ ಮನೆಯ ಎಷ್ಟು ವರ್ಷದ ಧೂಳೋ ಅದು!

ಎರಡನೆಯದು ಬಿಚ್ಚುವುದು. ತುಕ್ಕು ಹಿಡಿದ ತಿರುಪುಗಳಿಗೆ ಹಿಂದಿನ ರಾತ್ರಿ ಸೀಮೆ ಎಣ್ಣೆ ಬಿಟ್ಟಿಡಬೇಕು. ಬೆಳಿಗ್ಗೆ ಸಲೀಸಾಗಿ ತಿರುಗುತ್ತವೆ. ತಿರುಪಿನ ತಲೆಗೆ ಸರಿಹೊಂದುವ ಸ್ಕ್ರೂಡ್ರೈವರನ್ನೇ ಬಳಸಬೇಕು. ಬಿಚ್ಚಿದ ಭಾಗಗಳನ್ನು ಕ್ರಮವಾಗಿ ಹಳೆಯ ಪಂಚೆಯ ಮೇಲೆ ಇಡುತ್ತಾ ಹೋಗಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಪ್ರತಿ ಹಂತಕ್ಕೆ ಒಂದು ಫೋಟೋ ತೆಗೆಯಿರಿ. ಮೊಬೈಲಿನಿಂದ ಆಗುವ ಕೆಲವೇ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಫ್ಯಾನು ಕೂಡಿಸಿದ ನಟ್ಟು ಕೆಲವು ಯಂತ್ರಗಳಲ್ಲಿ ಎಡಕ್ಕೆ ಬಿಗಿಯಾಗುವ ಉಲ್ಟಾ ಮರೆಯದಾಗಿರುತ್ತದೆ. ಬಲ ಹಾಕುವ ಮೊದಲು ಮರೆ ಯಾವ ಕಡೆಗಿದೆ ಎಂದು ನೋಡಬೇಕು.

ಮೂರನೆಯದು ಮೋಟಾರು. ಮೊದಲು ಶಾಫ್ಟನ್ನು ಕೈಯಿಂದ ತಿರುಗಿಸಿ. ಸರಾಗ ತಿರುಗದಿದ್ದರೆ ಬೇರಿಂಗ್ ನೋಡಿ. ಹಿತ್ತಾಳೆ ಬುಷ್ ಇದ್ದರೆ ಹಳೆಯ ಜಿಡ್ಡನ್ನು ಒರೆಸಿ ಒಂದೆರಡು ಹನಿ ತೆಳು ಎಣ್ಣೆ ಸಾಕು. ಗುಂಡು ಬೇರಿಂಗ್ ಆಗಿದ್ದರೆ ಅದರ ಮೇಲೆ ಕೆತ್ತಿದ ನಂಬರು ಬರೆದುಕೊಂಡು ಹೋದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಅದೇ ಅಳತೆಯದು ಸಿಗುತ್ತದೆ. ಸ್ವೀಡನ್ನಿನ ಯಂತ್ರಕ್ಕೂ ರಾಣೆಬೆನ್ನೂರಿನ ಅಂಗಡಿಯ ಬೇರಿಂಗ್ ಕೂರುತ್ತದೆ, ಏಕೆಂದರೆ ಬೇರಿಂಗಿನ ಅಳತೆ ಇಡೀ ಜಗತ್ತಿಗೆ ಒಂದೇ. ಇದು ಮಾನಕದ ಮಹಿಮೆ.

ನಂತರ ಕಾರ್ಬನ್ ಬ್ರಷ್. ತಿರುಗುವ ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಎರಡು ಕಪ್ಪು ತುಂಡುಗಳು ಇವು. ಸವೆಯುವುದೇ ಇವುಗಳ ಧರ್ಮ. ತಾವು ಸವೆದು ತಾಮ್ರವನ್ನು ಉಳಿಸುತ್ತವೆ. ಸತ್ತುಹೋಯಿತು ಎಂದು ಎಸೆದ ಎಷ್ಟೋ ಯಂತ್ರಗಳಲ್ಲಿ ಸತ್ತಿರುವುದು ಈ ತುಂಡು ಮಾತ್ರ. ಅದೇ ಅಳತೆಯದು ಸಿಗದಿದ್ದರೆ ಮಿಕ್ಸಿ ರಿಪೇರಿ ಅಂಗಡಿಯಿಂದ ಸ್ವಲ್ಪ ದೊಡ್ಡದನ್ನು ತಂದು, ಮರಳು ಕಾಗದದ ಮೇಲೆ ನಾಲ್ಕೂ ಬದಿ ಸಮನಾಗಿ ಉಜ್ಜಿ ಕೂಡಿಸಬಹುದು. ಗೂಡಿನಲ್ಲಿ ಅದು ಸಲೀಸಾಗಿ ಜಾರಬೇಕು, ಅಲುಗಾಡಬಾರದು. ಬ್ರಷ್ ಮುಟ್ಟುವ ತಾಮ್ರದ ಪಟ್ಟಿಗಳ ಸುತ್ತು ಕಪ್ಪಾಗಿದ್ದರೆ ನುಣುಪಾದ ಮರಳು ಕಾಗದದಿಂದ ತಿಕ್ಕಬೇಕು. ಎಮರಿ ಕಾಗದ ಬಳಸಬಾರದು. ಅದರ ಹರಳು ಪಟ್ಟಿಗಳ ಸಂದಿಯಲ್ಲಿ ಕುಳಿತು ಕರೆಂಟು ಹಾಯಲು ದಾರಿ ಮಾಡಿಕೊಡುತ್ತದೆ. ಸಂದಿಗಳನ್ನು ಬಿದಿರು ಕಡ್ಡಿಯಿಂದ ಬಿಡಿಸಬೇಕು.

ಇಲ್ಲಿ ನಮ್ಮ ವೈಂಡಿಂಗ್ ಅಂಗಡಿಯ ಹಿರಿಯ ಮಿಸ್ತ್ರಿಯೊಬ್ಬರ ಮಾತು ನೆನಪಾಗುತ್ತದೆ. ನನ್ನ ಜೊತೆ ಬಂದ ಹುಡುಗ ಕಪ್ಪಾದ ಆರ್ಮೇಚರ್ ನೋಡಿ, "ಚಾಚಾ, ಇದು ಸುಟ್ಟೈತಲ್ರೀ, ಒಗದುಬಿಡೂದಾ?" ಎಂದ. ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, "ಸುಟ್ಟದ್ದು ಬ್ಯಾರೆ, ಹೊಲಸಾಗಿದ್ದು ಬ್ಯಾರೆ, ಬೇಟಾ. ಮೊದಲ ತೊಳಿ, ಆಮ್ಯಾಲೆ ಹೇಳು" ಎಂದರು. ಪೆಟ್ರೋಲಲ್ಲಿ ಅದ್ದಿದ ಬ್ರಷ್ಷಿನಿಂದ ಒರೆಸಿದಾಗ ಒಳಗೆ ಕೆಂಪು ತಾಮ್ರದ ತಂತಿ ಹೊಸದರಂತೆ ಹೊಳೆಯಿತು. ಮನುಷ್ಯರ ಬಗ್ಗೆಯೂ ಈ ಮಾತು ನಿಜವೆಂದು ನನಗೆ ಅನಿಸುತ್ತದೆ. ಆದರೆ ಪೆಟ್ರೋಲಿನ ಕೆಲಸ ದೊಡ್ಡವರು, ಬಯಲಲ್ಲಿ, ಬೆಂಕಿಯಿಂದ ದೂರ ಮಾಡುವಂಥದ್ದು ಎಂದು ಮಕ್ಕಳಿಗೆ ಎಚ್ಚರಿಸುತ್ತೇನೆ. ಪೂರ್ತಿ ಒಣಗುವ ತನಕ ಕರೆಂಟು ಕೊಡಬಾರದು.

ನಾಲ್ಕನೆಯದು ಪರೀಕ್ಷೆ. ನಮ್ಮ ಎಲ್ಲ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸೀರೀಸ್ ಬೋರ್ಡು ಇಲ್ಲಿ ಬಹಳ ಉಪಯುಕ್ತ. ನೂರು ವ್ಯಾಟಿನ ಹಳೆಯ ತಂತಿ ಬಲ್ಬಿನ ಮೂಲಕ ಯಂತ್ರಕ್ಕೆ ಕರೆಂಟು ಕೊಡುವ ಉಪಾಯ ಅದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಮೋಟಾರು ಅಲುಗುವುದಿಲ್ಲ, ಆದರೆ ಫ್ಯೂಸ್ ಹೋಗುವುದಿಲ್ಲ, ಬೆಂಕಿ ಹೊತ್ತುವುದಿಲ್ಲ. ಮೋಟಾರು ಸರಿ ಇದ್ದರೆ ಬಲ್ಬು ಉರಿಯುತ್ತಲೇ ಮೋಟಾರು ನಿಧಾನಕ್ಕೆ ತಿರುಗಲು ತೊಡಗುತ್ತದೆ. ಆದರೆ ತಗಡಿನ ಮೈಗೆ ಸ್ವಲ್ಪ ಸ್ವಲ್ಪ ಸೋರುವ ಕರೆಂಟನ್ನು ಈ ಬಲ್ಬು ತೋರಿಸಲಾರದು. ಮನುಷ್ಯನಿಗೆ ಶಾಕ್ ಹೊಡೆಯಲು ಅಷ್ಟೇ ಸಾಕು. ಅದಕ್ಕೆ ಮೆಗ್ಗರ್ ಎಂಬ ಉಪಕರಣ ಬೇಕು. ವೈಂಡಿಂಗ್ ಅಂಗಡಿಗಳಲ್ಲಿ ಇರುತ್ತದೆ. 500 ವೋಲ್ಟಿನಲ್ಲಿ ಅಳೆದಾಗ ವೈರಿಗೂ ಮೈಗೂ ನಡುವೆ ಕನಿಷ್ಠ ಒಂದು ಮೆಗಾಓಮ್ ಆದರೂ ತೋರಿಸಬೇಕು. ಇಲ್ಲದಿದ್ದರೆ ಎಷ್ಟೇ ಚೆಂದ ತಿರುಗಿದರೂ ಅದನ್ನು ಯಾರ ಕೈಗೂ ಕೊಡಬಾರದು. ತಗಡಿನ ಮೈಯ ಯಂತ್ರಕ್ಕೆ ಎರಡು ಕಾಲಿನ ಪ್ಲಗ್ಗು ತೆಗೆದು ಮೂರು ಕಾಲಿನದು, ಅರ್ಥ್ ತಂತಿ ಸಹಿತ ಹಾಕಲೇಬೇಕು. ಹದಿನೆಂಟು ತುಂಬದ ಮಕ್ಕಳು ಕರೆಂಟು ಕೊಡುವ ಹಂತವನ್ನು ತಿಳಿದವರ ಎದುರಿನಲ್ಲಿಯೇ ಮಾಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಐದನೆಯದು ವೋಲ್ಟೇಜ್. ಕೊಲ್ಲಿಯಿಂದ ಯಂತ್ರ ತಂದವರಿಗೆ ಈ ಮಾತು ಮುಖ್ಯ. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. ಸೌದಿ ಅರೇಬಿಯಾದಲ್ಲಿ ಹಿಂದೆ ಬಹಳ ಕಡೆ 127 ವೋಲ್ಟ್ ಇತ್ತು, ಅಮೆರಿಕದಲ್ಲಿ ಈಗಲೂ 120. ಅಲ್ಲಿಯ ಯಂತ್ರವನ್ನು ಇಲ್ಲಿ ನೇರವಾಗಿ ಹಾಕಿದರೆ ಕ್ಷಣದಲ್ಲಿ ಹೊಗೆ. ವೋಲ್ಟೇಜ್ ಎರಡರಷ್ಟಾದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು ಎಂದು ಭೌತಶಾಸ್ತ್ರ ಹೇಳುತ್ತದೆ. ಮೈಮೇಲಿನ ತಗಡಿನ ಪಟ್ಟಿ ಓದಿ, ಬೇಕಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ನಡೆಸಬೇಕು. 600 ವ್ಯಾಟಿನ ಯಂತ್ರಕ್ಕೆ 1000 ವಿ.ಎ. ಟ್ರಾನ್ಸ್‌ಫಾರ್ಮರ್ ಇದ್ದರೆ ನಿಶ್ಚಿಂತೆ.

ಕೊನೆಯದು ಚೀಲ. ಹಳೆಯ ಮಾದರಿಯ ಚೀಲ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ನಮ್ಮ ದರ್ಜಿಗಳಿದ್ದಾರೆ. ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆಯನ್ನು ಎರಡು ಪದರ ಮಾಡಿ, ಹೊಲಿಗೆ ಒಳಬದಿಗೆ ಬರುವಂತೆ ಹೊಲಿದರೆ ಆಯಿತು. ಈ ಯಂತ್ರದ ಚೀಲ ಗುತ್ತಲದ್ದೇ. ಮೆಣಸಿನ ಪುಡಿ, ಸಿಮೆಂಟಿನಂಥ ಅತಿ ನಯದ ಪುಡಿಯನ್ನು ಮಾತ್ರ ಇದರಿಂದ ಎಳೆಯಬಾರದು. ಬ್ಯಾಡಗಿಯ ಮೆಣಸಿನಕಾಯಿಯ ಘಾಟು ಅರಿವೆಯ ಚೀಲವನ್ನು ದಾಟಿ ಮನೆಮಂದಿಯನ್ನೆಲ್ಲ ಸೀನಿಸುತ್ತದೆ. ನೀರು, ಬಿಸಿ ಬೂದಿಯನ್ನಂತೂ ಎಳೆಯಲೇಬಾರದು.

ಕೈ ಒಂದು ಕಡೆ, ಪುಸ್ತಕ ಒಂದು ಕಡೆ

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

2006ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ತನ್ನ ವರದಿ ಕೊಟ್ಟಿತು. 2001ರ ಜನಗಣತಿಯಂತೆ ಮುಸ್ಲಿಮರ ಸಾಕ್ಷರತೆ ಶೇ. 59.1 ಎಂದು ಅದು ದಾಖಲಿಸಿತು. ದೇಶದ ಸರಾಸರಿ ಅದಕ್ಕಿಂತ ಆರು ಅಂಶ ಮೇಲಿತ್ತು. 6ರಿಂದ 14 ವಯಸ್ಸಿನ ನಮ್ಮ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರು ಶಾಲೆಯ ಮುಖ ನೋಡಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದೂ ಹೇಳಿತು. ಆ ಮೇಲೆ ಪರಿಸ್ಥಿತಿ ಸಾಕಷ್ಟು ಸುಧಾರಿಸಿದೆ. ಇಂಥ ಸಂಸ್ಥೆಗಳ ದುಡಿಮೆಗೆ ಅದರಲ್ಲಿ ಪಾಲಿದೆ. ಆದರೆ ಶಾಲೆ ಬಿಟ್ಟ ಆ ಮಕ್ಕಳು ಎಲ್ಲಿಗೆ ಹೋದರು? ಗ್ಯಾರೇಜಿಗೆ, ವೆಲ್ಡಿಂಗ್ ಅಂಗಡಿಗೆ, ವೈಂಡಿಂಗ್ ಅಂಗಡಿಗೆ, ಗುಜರಿಗೆ. ಅಲ್ಲಿ ಅವರ ಕೈ ಪಳಗಿತು. ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲ ಮಿಸ್ತ್ರಿಗಳು ನಮ್ಮಲ್ಲಿದ್ದಾರೆ. ಆದರೆ ಅವರ ಕೈಯಲ್ಲಿ ಪ್ರಮಾಣಪತ್ರ ಇಲ್ಲ. ಕಂಪನಿಯ ಕೈಪಿಡಿ ಓದಲು ಬಾರದು. ಹೊಸ ಯಂತ್ರ ಬಂದಾಗ, ಎಲೆಕ್ಟ್ರಾನಿಕ್ ಹಲಗೆ ಬಂದಾಗ, ಅವರ ಕೈ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಕಡೆ ನಮ್ಮ ಓದಿದ ಮಕ್ಕಳು. ಓಮ್‌ನ ನಿಯಮ ಬಾಯಿಪಾಠ ಇದೆ. ಮನೆಯ ಮಿಕ್ಸಿ ನಿಂತರೆ ಸ್ಕ್ರೂಡ್ರೈವರ್ ಹಿಡಿಯಲು ನಾಚಿಕೆ. ಅದು ಮಿಸ್ತ್ರಿಗಳ ಕೆಲಸ, ನಾವು ಓದಿದವರು ಎಂಬ ಭಾವನೆ. ಒಂದೇ ಮನೆಯಲ್ಲಿ ಅಣ್ಣ ಗ್ಯಾರೇಜಿನಲ್ಲಿ, ತಮ್ಮ ಕಾಲೇಜಿನಲ್ಲಿ ಇದ್ದು, ಇಬ್ಬರೂ ಒಬ್ಬರಿಂದೊಬ್ಬರು ಏನನ್ನೂ ಕಲಿಯದೆ ಬೆಳೆಯುವುದನ್ನು ನಾನು ಕಂಡಿದ್ದೇನೆ. ಇದು ನಮ್ಮ ಸಮಾಜಕ್ಕೆ ಆಗುತ್ತಿರುವ ದೊಡ್ಡ ನಷ್ಟ. ಸ್ಪ್ಯಾಂಗ್ಲರ್ ಅವರಲ್ಲಿ ಕೈ ಮತ್ತು ತಲೆ ಒಂದೇ ಕಡೆ ಇದ್ದವು ಎಂದು ಹೇಳಿದೆನಲ್ಲ, ಅದರ ಅರ್ಥ ಇದು.

ಈ ಬೇರ್ಪಡಿಕೆ ನಮ್ಮ ಪರಂಪರೆಯಲ್ಲಿ ಇರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಬನೂ ಮೂಸಾ ಸಹೋದರರು ಯಂತ್ರಗಳ ಬಗ್ಗೆ ಗ್ರಂಥ ಬರೆದರು. 1206ರಲ್ಲಿ ಅಲ್ ಜಝರಿ ಐವತ್ತು ಯಂತ್ರಗಳ ವಿವರ ಬರೆದು ಮುಗಿಸಿದರು. ನೀರೆತ್ತುವ ಯಂತ್ರ, ನೀರಿನ ಗಡಿಯಾರ ಮುಂತಾದವು ಅದರಲ್ಲಿವೆ. ವಿಶೇಷವೇನೆಂದರೆ, ಯಾವ ಲೋಹ, ಯಾವ ಅಳತೆ, ಹೇಗೆ ಬೆಸೆಯಬೇಕು ಎಂಬುದನ್ನು ಓದಿದ ಕುಶಲಕರ್ಮಿ ತಾನೇ ಮಾಡಿಕೊಳ್ಳುವಂತೆ ಬರೆದರು. ಅವರು ವಿದ್ವಾಂಸರೂ ಹೌದು, ಮಿಸ್ತ್ರಿಯೂ ಹೌದು.

ಹಾಗೆಂದು ಮಕ್ಕಳನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸಿ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾನೂನಿನಂತೆ ಅಪರಾಧ, ಮನುಷ್ಯತ್ವಕ್ಕೂ ವಿರುದ್ಧ. ನಾನು ಹೇಳುವುದು ಹವ್ಯಾಸದ ಮಾತು. ಶಾಲೆಯಲ್ಲಿದ್ದುಕೊಂಡೇ, ರಜೆಯ ದಿನ, ಸಂಬಳವಿಲ್ಲದೆ, ಅವಸರವಿಲ್ಲದೆ ಕಲಿಯುವ ಕೆಲಸ. ಹಳೆಯ ಯಂತ್ರ ಇದಕ್ಕೆ ಬಹಳ ಒಳ್ಳೆಯದು. ಅದು ಯಾರದೂ ಅಲ್ಲ. ಕೆಟ್ಟರೆ ಬೈಯುವವರಿಲ್ಲ. ಅಂಟಿಸಿ ಮುಚ್ಚಿರುವುದಿಲ್ಲ, ತಿರುಪಿನಿಂದ ಕೂಡಿಸಿರುತ್ತಾರೆ. ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಹೆಣ್ಣುಮಕ್ಕಳಿಗೂ ಇದು ಸಲ್ಲುತ್ತದೆ. ಮಿಕ್ಸಿ, ಹೊಲಿಗೆ ಯಂತ್ರ ಬಳಸುವವರು ಅವರು, ಬಿಚ್ಚುವವರು ಮಾತ್ರ ಗಂಡಸರು ಎಂಬುದಕ್ಕೆ ಅರ್ಥವಿಲ್ಲ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಕಾರ್ಬನ್ ಬ್ರಷ್ಷನ್ನು ಅತ್ಯಂತ ಸಮನಾಗಿ ಉಜ್ಜುವವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಜಗತ್ತೂ ಈ ಕಡೆಗೆ ತಿರುಗಿದೆ

ದುರಸ್ತಿ ಮಾಡುವುದು ಬಡವರ ಕೆಲಸ ಎಂದು ತಿಳಿದಿದ್ದ ದೇಶಗಳೇ ಈಗ ಅದನ್ನು ಕಲಿಯುತ್ತಿವೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನಲ್ಲಿ ರಿಪೇರ್ ಕೆಫೆ ಎಂಬುದು ಆರಂಭವಾಯಿತು. ಜನ ಕೆಟ್ಟ ಸಾಮಾನು ತರುತ್ತಾರೆ, ಬಲ್ಲವರು ಜೊತೆಗೆ ಕೂತು ಸರಿಮಾಡಲು ಕಲಿಸುತ್ತಾರೆ. 2015ರಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಅಂಥ ರಿಪೇರ್ ಕೆಫೆ ಶುರುವಾಯಿತು. 2022ರ ಜುಲೈನಲ್ಲಿ ಕೇಂದ್ರ ಸರಕಾರ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ, ಈ ನಾಲ್ಕು ಕ್ಷೇತ್ರಗಳಲ್ಲಿ ಗ್ರಾಹಕನಿಗೆ ದುರಸ್ತಿಯ ಮಾಹಿತಿ, ಬಿಡಿಭಾಗ ಸಿಗಬೇಕೆಂಬುದು ಉದ್ದೇಶ. ಆ ವರ್ಷದ ಕೊನೆಗೆ ಅದಕ್ಕೆ ಒಂದು ಜಾಲತಾಣವೂ ಬಂತು. 2023ರ ಏಪ್ರಿಲ್‌ನಿಂದ ಜಾರಿಯಾದ ಹೊಸ ಇ-ತ್ಯಾಜ್ಯ ನಿಯಮಗಳು ಮನೆಬಳಕೆಯ ಇನ್ನೂ ಅನೇಕ ಯಂತ್ರಗಳನ್ನು ತಮ್ಮ ವ್ಯಾಪ್ತಿಗೆ ತಂದಿವೆ. ಗುಜರಿಯಲ್ಲಿ ವೈರು ಸುಟ್ಟು ತಾಮ್ರ ತೆಗೆಯುವ ಪದ್ಧತಿ ನಿಲ್ಲಬೇಕು. ಆ ಹೊಗೆ ವಿಷ, ಅದನ್ನು ಉಸಿರಾಡುವವರು ನಮ್ಮದೇ ಮಕ್ಕಳು.

ಕಲಿತ ಕೈಗೆ ಮುಂದೆ ದಾರಿಗಳೂ ಇವೆ. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿ ಇದೆ, ಆ ಮೇಲೆ ಡಿಪ್ಲೊಮಾಕ್ಕೂ ಹೋಗಬಹುದು. ಶಾಲೆ ಬಿಟ್ಟು ವರ್ಷಗಟ್ಟಲೆ ದುಡಿದ ಮಿಸ್ತ್ರಿಗಳಿಗೆ, ಅವರು ಈಗಾಗಲೇ ಬಲ್ಲ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಕೇಂದ್ರದ ಕೌಶಲ ಯೋಜನೆಯಲ್ಲಿ ಮಾಡಲಾಗಿದೆ. ಅರ್ಜಿ ತುಂಬಲು ಬಾರದೆ ಎಷ್ಟೋ ಜನ ಇದರಿಂದ ಹೊರಗೆ ಉಳಿಯುತ್ತಾರೆ. ಓದಿದ ತಮ್ಮಂದಿರು ಅಣ್ಣಂದಿರ ಅರ್ಜಿ ತುಂಬಿಕೊಡಲಿ. ಅಣ್ಣಂದಿರು ತಮ್ಮಂದಿರಿಗೆ ಬೇರಿಂಗ್ ಕಳಚುವುದನ್ನು ಕಲಿಸಲಿ. ಲೆಕ್ಕ ಸರಿಹೋಗುತ್ತದೆ.

ಒಂದು ವಿನಂತಿ

ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಸಣ್ಣದು. ಶಾಲೆಯ ಒಂದು ಕೋಣೆಯಲ್ಲಿ ಒಂದು ದೊಡ್ಡ ಮೇಜು ಹಾಕಿ. ಭಾನುವಾರ ಎರಡು ತಾಸು ಅದು ತೆರೆದಿರಲಿ. ಸ್ಕ್ರೂಡ್ರೈವರುಗಳ ಒಂದು ಸೆಟ್ಟು, ಕಟಿಂಗ್ ಪ್ಲೇಯರ್, ಮಲ್ಟಿಮೀಟರ್, ಸೀರೀಸ್ ಬೋರ್ಡು, ಎಣ್ಣೆ ಡಬ್ಬಿ, ಮರಳು ಕಾಗದ, ಒಂದು ನೋಂದಣಿ ಪುಸ್ತಕ ಇಷ್ಟೇ ಸಾಕು. ಒಬ್ಬ ವಿಜ್ಞಾನ ಶಿಕ್ಷಕರೂ ಒಬ್ಬ ಮಿಸ್ತ್ರಿಯೂ ಜೊತೆಗೆ ಕೂರಲಿ. ಮಿಸ್ತ್ರಿಗೆ ಶಿಕ್ಷಕರಷ್ಟೇ ಗೌರವದ ಕುರ್ಚಿ ಇರಲಿ, ಅವರನ್ನು ಮಕ್ಕಳು ಉಸ್ತಾದ್ ಎಂದೇ ಕರೆಯಲಿ. ಊರಿನವರು ಕೆಟ್ಟ ಮಿಕ್ಸಿ, ಫ್ಯಾನು, ರೇಡಿಯೋ, ಎಲ್ಲಾದರೂ ಇದ್ದರೆ ವ್ಯಾಕ್ಯೂಮ್ ಕ್ಲೀನರು ತರಲಿ. ಪ್ರತಿ ಯಂತ್ರಕ್ಕೂ ಏನು ಕೆಟ್ಟಿತ್ತು, ಏಕೆ ಕೆಟ್ಟಿತು, ಏನು ಮಾಡಿದೆವು ಎಂದು ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದಿಡಲಿ. ವರ್ಷದ ಕೊನೆಗೆ ಆ ಪುಸ್ತಕವೇ ಒಂದು ಪಠ್ಯಪುಸ್ತಕವಾಗುತ್ತದೆ. ನಮ್ಮ ಮಿಸ್ತ್ರಿಗಳ ತಲೆಯಲ್ಲಿರುವ ವಿದ್ಯೆ ಅವರೊಂದಿಗೇ ಮಣ್ಣಾಗದೆ ಉಳಿಯುತ್ತದೆ.

ಮೊದಲ ಸಾಮಾನಾಗಿ ಈ ಯಂತ್ರವನ್ನು ನಾನು ಸಂಸ್ಥೆಗೆ ಒಪ್ಪಿಸುತ್ತಿದ್ದೇನೆ. ಇದರ ಒಂದು ಬೇರಿಂಗ್ ಇನ್ನೂ ಸ್ವಲ್ಪ ಸದ್ದು ಮಾಡುತ್ತದೆ. ಬೇಕೆಂದೇ ಬಿಟ್ಟಿದ್ದೇನೆ. ಅದರ ನಂಬರು ಓದಿ, ಹೊಸದನ್ನು ತಂದು ಕೂಡಿಸುವ ಕೆಲಸ ನಿಮ್ಮದು.